ಹೊಸ ಟಿವಿಯಲ್ಲಿ ಎಲ್ಲರೂ ದಪ್ಪ ಕಾಣುತ್ತಾರೆ, ಕೆಳಗಿನ ಅಕ್ಷರ ಅರ್ಧ ಮಾಯ

ಪ್ರಶ್ನೆ (ಕಾರಟಗಿ):
ನಮಸ್ಕಾರ ಅಣ್ಣಾರೆ. ಹಳೇ ಡಬ್ಬಾ ಟಿವಿ ಕೆಟ್ಟುಹೋಗಿ, ಹೋದ ತಿಂಗಳು 32 ಇಂಚಿನ ಎಲ್‌ಇಡಿ ತಂದೆವು. ಸೆಟ್‌ಟಾಪ್ ಬಾಕ್ಸ್ ಮಾತ್ರ ಹಳೆಯದೇ. ಹಳದಿ, ಕೆಂಪು, ಬಿಳಿ ವೈರಿನಲ್ಲಿ ಜೋಡಿಸಿದ್ದೇವೆ. ಈಗ ಧಾರಾವಾಹಿಯಲ್ಲಿ ಎಲ್ಲರ ಮುಖವೂ ಅಗಲ. "ಇವರೆಲ್ಲಾ ಯಾವಾಗ ಇಷ್ಟು ದಪ್ಪ ಆದರು?" ಅಂತ ಅವ್ವ ದಿನಾ ಕೇಳುತ್ತಾಳೆ. ನ್ಯೂಸ್ ಚಾನೆಲ್‌ನಲ್ಲಿ ಕೆಳಗೆ ಓಡುವ ಅಕ್ಷರ ಅರ್ಧ ಕಾಣುವುದೇ ಇಲ್ಲ. ಟಿವಿ ರಿಮೋಟಿನಲ್ಲಿ 'ಟೆಕ್ಸ್ಟ್' ಅಂತ ಬಟನ್ ಇದೆ. ಒತ್ತಿದರೆ ಅಕ್ಷರ ಸರಿಹೋಗಬಹುದು ಅಂದುಕೊಂಡೆ, ಏನೂ ಆಗಲಿಲ್ಲ. ಟಿವಿಯಲ್ಲೇ ಫಾಲ್ಟ್ ಇದೆಯಾ?

ಉತ್ತರ (ಟಿವಿ ಮೆಕ್ಯಾನಿಕ್, ಗಂಗಾವತಿ):
ಟಿವಿ ಚೆನ್ನಾಗಿಯೇ ಇದೆ, ಅಂಗಡಿಗೆ ವಾಪಸ್ ಒಯ್ಯಬೇಡಿ. ಮನೆಗೆ ಹೊಸ ಟಿವಿ ಬಂದಿದ್ದು ನಿಮ್ಮ ಬಾಕ್ಸಿಗೆ ಇನ್ನೂ ಗೊತ್ತಿಲ್ಲ, ಅಷ್ಟೇ.

ಹಳೇ ಟಿವಿಯ ಆಕಾರ 4:3. ಅಂದರೆ ನಾಲ್ಕು ಗೇಣು ಅಗಲಕ್ಕೆ ಮೂರು ಗೇಣು ಎತ್ತರ. ಹೊಸದು 16:9. ಬಾಕ್ಸ್ ಇನ್ನೂ ಹಳೇ ಅಳತೆಯಲ್ಲೇ ಚಿತ್ರ ಕೊಡುತ್ತಿದೆ. ಟಿವಿ ಅದನ್ನು ಎರಡೂ ಕಡೆ ಎಳೆದು ಪರದೆ ತುಂಬಿಸುತ್ತಿದೆ. ಹೀಗೆ ಎಳೆದಾಗ ಮೂರು ಇಂಚಿನ ಮುಖ ನಾಲ್ಕು ಇಂಚು ಅಗಲ ಆಗುತ್ತದೆ. ಅವ್ವ ಹೇಳಿದ್ದು ಸರಿಯೇ ಇದೆ.

ಬಾಕ್ಸಿನ ರಿಮೋಟ್ ತಗೊಳ್ಳಿ, ಟಿವಿಯದ್ದಲ್ಲ. ಮೆನು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ 'ಡಿಸ್‌ಪ್ಲೇ' ಅಥವಾ 'ಟಿವಿ ಸೆಟ್ಟಿಂಗ್' ಒಳಗೆ 'ಆಸ್ಪೆಕ್ಟ್ ರೇಶಿಯೋ' ಸಿಗುತ್ತದೆ. ಪಾಸ್‌ವರ್ಡ್ ಕೇಳಿದರೆ ಮೊದಲು 0000 ಹಾಕಿ ನೋಡಿ, ಸುಮಾರು ಬಾಕ್ಸ್‌ಗಳಿಗೆ ಅದೇ ಇರುತ್ತದೆ. '4:3 ಲೆಟರ್‌ಬಾಕ್ಸ್', '4:3 ಪ್ಯಾನ್ ಸ್ಕ್ಯಾನ್', '16:9' ಅಂತ ಇರುತ್ತವೆ. 16:9 ಆರಿಸಿ. ಲೆಟರ್‌ಬಾಕ್ಸ್, ಪ್ಯಾನ್ ಸ್ಕ್ಯಾನ್ ಎರಡೂ ಡಬ್ಬಾ ಟಿವಿಗೆ ಇದ್ದವು. ಒಂದು ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕುತ್ತದೆ, ಇನ್ನೊಂದು ಎಡ ಬಲದ ಚಿತ್ರವನ್ನೇ ಕತ್ತರಿಸುತ್ತದೆ. ಆಮೇಲೆ ಟಿವಿ ರಿಮೋಟಿನಲ್ಲೂ 16:9 ಮಾಡಿ ಬಿಟ್ಟುಬಿಡಿ. ಜೂಮ್ ಗೀಮ್ ಏನೂ ಬೇಡ. ಬಾಕ್ಸೂ ಎಳೆದು ಟಿವಿಯೂ ಎಳೆದರೆ ಯಾವುದು ಎಳೆದಿದ್ದು ಅಂತ ನನಗೂ ಬೇಗ ಗೊತ್ತಾಗುವುದಿಲ್ಲ.

ಸರಿ ಆಯಿತೋ ಇಲ್ಲವೋ ಅಂತ ಮುಖ ನೋಡಿ ಹೇಳುವುದು ಕಷ್ಟ. ಗುಂಡಗಿನ ವಸ್ತು ನೋಡಬೇಕು. ಮೊನ್ನೆ ಒಬ್ಬರ ಮನೆಯಲ್ಲಿ ಟ್ರ್ಯಾಕ್ಟರ್ ಜಾಹೀರಾತು ಬಂತು, ಗಾಡಿ ಅಡ್ಡಲಾಗಿ ನಿಂತಿತ್ತು. ಪರದೆ ಮೇಲೆ ಟೇಪ್ ಹಿಡಿದೆ. ಹಿಂದಿನ ಗಾಲಿ ಅಡ್ಡ 8 ಇಂಚು, ಎತ್ತರ 6. ಬಾಕ್ಸ್ ಸರಿ ಮಾಡಿ ಕೂತೆ. ಅದೇ ಜಾಹೀರಾತು ಮತ್ತೆ ಬರುವಷ್ಟರಲ್ಲಿ ಎರಡು ಚಹಾ ಆಯಿತು, ಗಾಲಿಯೂ ಗುಂಡಗಾಯಿತು.

ಇನ್ನು ಕತ್ತರಿಸಿದ ಅಕ್ಷರ. ಇದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗೆ ಇರುತ್ತಿರಲಿಲ್ಲ. ಸಂಜೆ ಕರೆಂಟ್ ಡಿಮ್ ಆದರೆ ಚಿತ್ರ ನಾಲ್ಕೂ ಕಡೆ ಕುಗ್ಗುತ್ತಿತ್ತು, ನೆನಪಿದೆ ಅಲ್ವಾ? ಆ ಅಂಚು ಕಾಣದಿರಲಿ ಅಂತ ಚಿತ್ರವನ್ನು ಪರದೆಗಿಂತ ಸ್ವಲ್ಪ ದೊಡ್ಡದು ಮಾಡಿಡುತ್ತಿದ್ದರು. ಎಲ್‌ಇಡಿಗೆ ಅದರ ಅಗತ್ಯವೇ ಇಲ್ಲ, ಆದರೂ ಚಾಳಿ ಉಳಿದಿದೆ. ಟಿವಿಯ ಪಿಕ್ಚರ್ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್', 'ಸ್ಕ್ರೀನ್ ಫಿಟ್' ಅಂತ ಏನಾದರೂ ಇದ್ದರೆ ಆನ್ ಮಾಡಿ. 'ಓವರ್‌ಸ್ಕ್ಯಾನ್' ಅಂತಲೇ ಇದ್ದರೆ ಆಫ್ ಮಾಡಿ.

ಟೆಕ್ಸ್ಟ್ ಬಟನ್ ಕಥೆ ಬೇರೆ. ಅದು ಟೆಲಿಟೆಕ್ಸ್ಟ್‌ದು. ಬ್ರಿಟನ್‌ನಲ್ಲಿ ಬಿಬಿಸಿ 1974ರಲ್ಲಿ ಸೀಫ್ಯಾಕ್ಸ್ ಅಂತ ಶುರು ಮಾಡಿತ್ತು. ಚಿತ್ರ ಮೂಡಿಸುವ ಅಡ್ಡ ಗೆರೆಗಳ ಜೊತೆಗೆ, ಪರದೆಯಲ್ಲಿ ಕಾಣದ ಕೆಲವು ಗೆರೆಗಳಲ್ಲಿ ಅಕ್ಷರ ಕಳಿಸುತ್ತಿದ್ದರು. ಸುದ್ದಿ, ಹವಾಮಾನ, ಆಟದ ಸ್ಕೋರ್ ಎಲ್ಲಾ ಅದರಲ್ಲೇ. 100 ಒತ್ತಿದರೆ ಮೊದಲ ಪುಟ. ಪುಟಗಳು ಒಂದರ ಹಿಂದೆ ಒಂದು ಸುತ್ತು ಹೊಡೆಯುತ್ತಿದ್ದವು. ಬೇಕಾದ ಪುಟದ ನಂಬರ್ ಒತ್ತಿ ಅದರ ಸರದಿ ಬರುವ ತನಕ ಕಾಯಬೇಕಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಕಾದಂತೆ. ಸೀಫ್ಯಾಕ್ಸ್ 2012ರಲ್ಲಿ ನಿಂತಿತು. ಹಲವು ದೇಶಕ್ಕೆ ಒಂದೇ ರಿಮೋಟ್ ಮಾಡುವುದರಿಂದ ಬಟನ್ ಮಾತ್ರ ನಮ್ಮ ಮನೆಗೂ ಬಂದಿದೆ. ನಿಮಗೆ ಬೇಕಾದ ಅಕ್ಷರವೆಲ್ಲಾ ಬಾಕ್ಸ್ ರಿಮೋಟಿನಲ್ಲಿದೆ. ಕಾರ್ಯಕ್ರಮದ ವಿವರಕ್ಕೆ 'ಇನ್ಫೋ', ಇವತ್ತಿನ ಪಟ್ಟಿಗೆ 'ಗೈಡ್' ಅಥವಾ 'ಇಪಿಜಿ'.

ಪ್ರಶ್ನೆ (ಸಿಂಧನೂರು):
ಸರ್, ನನಗೆ ಉಲ್ಟಾ ಸಮಸ್ಯೆ. ಕೆಲವು ಚಾನೆಲ್‌ನಲ್ಲಿ ನಾಲ್ಕೂ ಕಡೆ ಕಪ್ಪು, ನಡುವೆ ಪೋಸ್ಟ್‌ಕಾರ್ಡ್ ಅಂಟಿಸಿದ ಹಾಗೆ ಚಿತ್ರ. ಬಾಕ್ಸ್, ಟಿವಿ ಎರಡೂ 16:9 ಇವೆ.

ಉತ್ತರ:
ಅದು ಚಾನೆಲ್‌ನವರು ಕಳಿಸುವುದೇ ಹಾಗೆ. ಅಗಲ ಚಿತ್ರವನ್ನು 4:3 ಚೌಕಟ್ಟಿನೊಳಗೆ ಮೇಲೆ ಕೆಳಗೆ ಪಟ್ಟಿ ಹಾಕಿ ಕೂರಿಸಿರುತ್ತಾರೆ. 16:9ರಲ್ಲಿರುವ ನಿಮ್ಮ ಬಾಕ್ಸ್ ಅದಕ್ಕೆ ಎಡಬಲದಲ್ಲಿ ಇನ್ನೆರಡು ಪಟ್ಟಿ ಹಾಕುತ್ತದೆ. ಇಲ್ಲಿ ಮಾತ್ರ ಜೂಮ್ ಒತ್ತಿ, ಅದು ಇರುವುದೇ ಇಂಥದ್ದಕ್ಕೆ. ಸ್ವಲ್ಪ ಮಸುಕಾಗುತ್ತದೆ. ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಸಾದಾ ಚಾನೆಲ್‌ಗೆ ಇರುವುದೇ 576 ಗೆರೆ, ಪಟ್ಟಿ ಕಳೆದರೆ ಚಿತ್ರಕ್ಕೆ ಉಳಿಯುವುದು 432. ಬೇರೆ ಚಾನೆಲ್‌ಗೆ ಹೋದಾಗ ಜೂಮ್ ತೆಗೆಯಿರಿ, ಇಲ್ಲಾಂದ್ರೆ ಅಲ್ಲಿ ತಲೆ ಕತ್ತರಿಸುತ್ತದೆ.

ಪ್ರಶ್ನೆ (ಸಿರುಗುಪ್ಪ):
ಅಣ್ಣಾ, ನಮ್ಮದು ಫ್ರೀ ಡಿಶ್ ಬಾಕ್ಸ್. ರಾತ್ರಿ 9ರ ಸುದ್ದಿಯನ್ನು ಗೈಡ್‌ನಲ್ಲಿ ಮಧ್ಯಾಹ್ನ ಮೂರೂವರೆ ಅಂತ ತೋರಿಸುತ್ತದೆ.

ಉತ್ತರ:
ಸರಿಯಾಗಿ ಐದೂವರೆ ಗಂಟೆ ಹಿಂದೆ, ಅಲ್ವಾ? ಸಿಗ್ನಲ್ ಜೊತೆ ಬರುವ ಸಮಯ ಲಂಡನ್ ಕಡೆಯ ಜಿಎಂಟಿ ಲೆಕ್ಕದ್ದು. ಟೈಮ್ ಸೆಟ್ಟಿಂಗ್‌ನಲ್ಲಿ +5:30 ಮಾಡಿ.

ಕಾರಟಗಿಯವರು ಮತ್ತೆ:
ಅಣ್ಣಾರೆ, ಮುಖ ಸರಿ ಆಯಿತು! ಆದರೆ ಮೆನುವಿನಲ್ಲಿ 'ಜಸ್ಟ್ ಸ್ಕ್ಯಾನ್' ಅಕ್ಷರವೇ ಮಸುಕಾಗಿ ಕಾಣುತ್ತದೆ, ಆರಿಸಲು ಬಿಡುತ್ತಿಲ್ಲ.

ಉತ್ತರ:
ಹಳದಿ ವೈರಿನಲ್ಲಿ ಬಹಳ ಟಿವಿಗಳು ಅದನ್ನು ಕೊಡುವುದಿಲ್ಲ. ಬಾಕ್ಸಿನ ಹಿಂದೆ ಚಪ್ಪಟೆ ಎಚ್‌ಡಿಎಂಐ ಸಾಕೆಟ್ ಇದೆಯಾ ನೋಡಿ. ಇದ್ದರೆ ಆ ವೈರ್ ಹಾಕಿ, ಟಿವಿಯಲ್ಲಿ ಸೋರ್ಸ್ ಬದಲಿಸಿ.

ಕಾರಟಗಿಯವರು:
ಇದೆ. ಧೂಳು ತುಂಬಿತ್ತು, ಈಗ ಕಂಡಿತು. ನಾಳೆ ಸಂತೆಗೆ ಹೋದಾಗ ವೈರ್ ತರುತ್ತೇನೆ. ಅವ್ವ ಈಗ "ಎಲ್ಲಾರೂ ಯಾಕೆ ಸೊರಗಿದರು?" ಅಂತಿದ್ದಾಳೆ.