ಸಿವಿಲ್ ಓದುವ ಮಗಳ ಲ್ಯಾಪ್‌ಟಾಪ್‌ಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ?

ತೊಗರಿ_ಕಣಜ (ಕಲಬುರಗಿ):
ಎಲ್ಲರಿಗೂ ಶರಣು. ಮಗಳು ಇಲ್ಲಿಯೇ ಸಿವಿಲ್ ಎಂಜಿನಿಯರಿಂಗ್ ಸೇರಿದ್ದಾಳೆ. ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್ ತೆರೆಯುವುದೇ ಇಲ್ಲವೆಂದು ಹೇಳಿ ಗೇಮಿಂಗ್ ಲ್ಯಾಪ್‌ಟಾಪ್‌ಗಳನ್ನಷ್ಟೇ ತೋರಿಸಿದರು. ಪ್ರೊಸೆಸರ್‌ನೊಳಗೇ ಇರುವ ಗ್ರಾಫಿಕ್ಸ್ ಸಾಲದೇ? ನಮ್ಮ ಬಿಸಿಲಿಗೆ ಯಾವುದು ತಾಳುತ್ತದೆ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಬೀದರ್_ಕೋಟೆ:
ಅಂಗಡಿಯವರ ಮಾತನ್ನು ನಂಬಬೇಡಿ. ಆಟೋಕ್ಯಾಡ್‌ನ ಎರಡು ಆಯಾಮದ ನಕ್ಷೆಗಳನ್ನು ಈಚಿನ ಒಳಗ್ರಾಫಿಕ್ಸ್‌ಗಳು ಸಲೀಸಾಗಿ ನಿಭಾಯಿಸುತ್ತವೆ. ಕಟ್ಟಡದ ಬಲವನ್ನು ಲೆಕ್ಕ ಹಾಕುವ ಸ್ಟಾಡ್ ಪ್ರೊ ತಂತ್ರಾಂಶದ ಕೆಲಸವಂತೂ ಮುಖ್ಯವಾಗಿ ನಡೆಯುವುದು ಪ್ರೊಸೆಸರ್ ಮತ್ತು ರ‍್ಯಾಮ್ ಬಲದಿಂದ.

ನೀವು ನಿಜವಾಗಿ ನೋಡಬೇಕಾದದ್ದು ರ‍್ಯಾಮ್. ಒಳಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದಿರುವುದರಿಂದ ಅದು ಲ್ಯಾಪ್‌ಟಾಪಿನ ರ‍್ಯಾಮ್‌ನಲ್ಲಿಯೇ ಪಾಲು ಪಡೆಯುತ್ತದೆ. ಡಿಡಿಆರ್4-3200 ರ‍್ಯಾಮ್ ಒಂದೇ ಚಾನೆಲ್‌ನಲ್ಲಿದ್ದರೆ (ಚಾನೆಲ್ ಎಂದರೆ ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಮಾಹಿತಿ ಸಾಗುವ ದಾರಿ) ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್‌ನಲ್ಲಿದ್ದರೆ 51.2 ಜಿಬಿ. 2020ರಲ್ಲಿ ಬಂದ ಇಂಟೆಲ್‌ನ ಒಳಗ್ರಾಫಿಕ್ಸ್ ಐರಿಸ್ ಎಕ್ಸ್‌ಇ, ರ‍್ಯಾಮ್ ಒಂದೇ ಚಾನೆಲ್‌ನಲ್ಲಿದ್ದರೆ ತನ್ನ ಹೆಸರನ್ನೇ ಬಿಟ್ಟು ಯುಎಚ್‌ಡಿ ಗ್ರಾಫಿಕ್ಸ್ ಎಂದು ತೋರಿಸಿಕೊಳ್ಳುತ್ತದೆ! ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಇದನ್ನು ಹೇಳುವುದಿಲ್ಲ.

ಭೀಮಾತೀರ (ಯಾದಗಿರಿ):
ಬೀದರಿನವರ ಮಾತು ಮೊದಲೆರಡು ವರ್ಷಗಳಿಗೆ ಸರಿ. ಮುಂದೆ ಮಗಳು ರೆವಿಟ್ ತಂತ್ರಾಂಶದಲ್ಲಿ ಕಟ್ಟಡದ ದೊಡ್ಡ ಮೂರು ಆಯಾಮದ ಮಾದರಿಗಳನ್ನು ಕಟ್ಟಿ, ಲ್ಯೂಮಿಯನ್ ತಂತ್ರಾಂಶದಲ್ಲಿ ಅವುಗಳ ನೈಜವೆನಿಸುವ ಚಿತ್ರ ಅಥವಾ ವಿಡಿಯೊ ತೆಗೆಯುವುದಾದರೆ ಪ್ರತ್ಯೇಕ ಕಾರ್ಡ್ ಬೇಕೇ ಬೇಕು. ರ‍್ಯಾಮ್ ಸ್ಲಾಟ್ ಇದ್ದರೆ ನಾಳೆಯೂ ತುಂಬಿಸಬಹುದು. ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುವುದರಿಂದ ಆಮೇಲೆ ಸೇರಿಸಲು ಬರುವುದಿಲ್ಲ.

ಕಾರ್ಡ್ ಇರುವುದನ್ನೇ ಕೊಳ್ಳುವುದಾದರೆ ವಾಟ್ ಎಷ್ಟೆಂದು ಕೇಳಿ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಚಿಪ್ಪಿಗೆ ತಯಾರಕರು 35ರಿಂದ 115 ವಾಟ್‌ವರೆಗೆ ಮಿತಿ ಇಡಬಹುದು, ಕೆಲಸದ ವೇಗವೂ ಅದರಂತೆಯೇ ಏರಿಳಿಯುತ್ತದೆ. ಬಿಸಿಲಿನ ವಿಷಯದಲ್ಲಿ ಒಳಗ್ರಾಫಿಕ್ಸ್‌ನದೇ ಮೇಲುಗೈ: ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಸೇರಿ 15ರಿಂದ 28 ವಾಟ್ ಸಾಕಾಗುತ್ತದೆ, ಆದರೆ 40 ಡಿಗ್ರಿ ದಾಟಿದ ಕೋಣೆಯಲ್ಲಿ ದೊಡ್ಡ ಕಾರ್ಡ್ ಕಾದಾಗ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟ್ ಹೋದರೆ ಬ್ಯಾಟರಿಯ ಮೇಲೆ ಅದರ ಪೂರ್ತಿ ಬಲವನ್ನು ಪಡೆಯುವುದೂ ಕಷ್ಟ.

ತೊಗರಿ_ಕಣಜ:
ಇಬ್ಬರಿಗೂ ಧನ್ಯವಾದಗಳು. ಮಗಳಿಗೆ ಆಸಕ್ತಿ ಇರುವುದು ಸ್ಟ್ರಕ್ಚರಲ್ ವಿನ್ಯಾಸದಲ್ಲಿ, ಮನೆಯ ಚಂದದ ಚಿತ್ರ ತೆಗೆಯುವುದರಲ್ಲಲ್ಲ.

ಬೀದರ್_ಕೋಟೆ:
ಹಾಗಾದರೆ ಕಾರ್ಡಿನ ಹಣವನ್ನು ಒಳ್ಳೆಯ ಪ್ರೊಸೆಸರ್‌ಗೂ ಎರಡು ಚಾನೆಲ್‌ನಲ್ಲಿರುವ 16 ಜಿಬಿ ರ‍್ಯಾಮ್‌ಗೂ ಹಾಕಿ. ಸ್ಲಾಟ್ ಇರುವ ಮಾದರಿಯಾದರೆ, ಅಂಗಡಿಯಲ್ಲಿಯೇ ಟಾಸ್ಕ್ ಮ್ಯಾನೇಜರ್ ತೆರೆಸಿ, ಮೆಮೊರಿ ವಿಭಾಗದಲ್ಲಿ ಎಷ್ಟು ಸ್ಲಾಟ್ ಬಳಕೆಯಾಗಿವೆ (ಎರಡೂ ತುಂಬಿದ್ದರೆ ಸಾಮಾನ್ಯವಾಗಿ ಎರಡು ಚಾನೆಲ್) ಎಂಬುದನ್ನು ನೋಡಿದ ಮೇಲೆ ಹಣ ಕೊಡಿ. ರ‍್ಯಾಮ್ ಬೋರ್ಡಿಗೇ ಬೆಸೆದಿರುವ ಮಾದರಿಯಾಗಿದ್ದರೆ 8 ಜಿಬಿಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.