ಅತ್ತೆ ಮನೆಯ ಅಟ್ಟದಲ್ಲಿ ನಾರ್ವೆಯ ಹಳೇ ಕಾಗದಗಳು: ಏನು ಮಾಡೋದು?

ಪ್ರಶ್ನೆ: ನಾವು ಮಿನೆಸೋಟಾದಲ್ಲಿದ್ದೇವೆ. ನನ್ನ ಗಂಡನ ಮನೆಯವರು ನಾರ್ವೆ ಮೂಲದವರು. ಅತ್ತೆ ಹಳೇ ಫಾರ್ಮ್ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ. ಅಟ್ಟದಲ್ಲಿ ಹೂಬಳ್ಳಿ ಬಿಡಿಸಿದ ಒಂದು ದೊಡ್ಡ ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ದಾರ ಕಟ್ಟಿದ ಕಾಗದಗಳು, ಬೈಬಲ್, ಹೆಸರಿಲ್ಲದ ಫೋಟೋಗಳು, ಅಮೆರಿಕದಲ್ಲೇ ನಾರ್ವೇಜಿಯನ್ ಭಾಷೆಯಲ್ಲಿ ಬರುತ್ತಿದ್ದ ‘ಡೆಕೋರಾ ಪೋಸ್ಟೆನ್’ ಪತ್ರಿಕೆಯಿಂದ ಕತ್ತರಿಸಿದ ತುಂಡುಗಳು, ಒಂದು ಲೆಕ್ಕದ ಪುಸ್ತಕ. ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ. ನಾದಿನಿ ಚೆನ್ನಾಗಿರುವ ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಿ ಮಕ್ಕಳಿಗೆಲ್ಲ ಒಂದೊಂದು ಹಂಚೋಣ ಅಂತಿದ್ದಾರೆ. ಗುಂಪಿನಲ್ಲಿ ಆರ್ಕೈವ್ (ಹಳೇ ದಾಖಲೆ ಕಾಪಾಡುವ) ಕೆಲಸ ಗೊತ್ತಿರುವವರು ಇದ್ದೀರಲ್ಲ, ಸ್ವಲ್ಪ ಹೇಳಿ.

ಉತ್ತರ (ಆರ್ಕೈವಿಸ್ಟ್): ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿಕೊಂಡರೆ ಮತ್ತೆ ಬಿಡಿಸೋಕೆ ಆಗಲ್ಲ. ಗೋಡೆಗೆ ಹಾಕಲೇಬೇಕು ಅಂದರೆ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದು ಫ್ರೇಮ್ ಹಾಕಿಸಿ. ದೂರದಿಂದ ನೋಡುವವರಿಗೆ ವ್ಯತ್ಯಾಸ ಗೊತ್ತಾಗಲ್ಲ.

ನನಗೆ ಲ್ಯಾಮಿನೇಷನ್‌ಗಿಂತ ಜಾಸ್ತಿ ಭಯ ಹಂಚುವ ವಿಷಯದಲ್ಲಿ. ಒಂದು ವಿಚಾರ ಗಮನಿಸಿ. ಅಮೆರಿಕದಿಂದ ಬರೆದ ಕಾಗದಗಳು ನಾರ್ವೆಗೆ ಹೋದವು. ನಿಮ್ಮ ಅತ್ತೆ ಮನೆಯಲ್ಲಿ ಇರುವುದು ಬಹುಪಾಲು ಅಲ್ಲಿಂದ ಬಂದವು: ಊರಲ್ಲೇ ಉಳಿದ ಅಮ್ಮ, ತಂಗಿ, ಅಣ್ಣ ಬರೆದವು. ಯಾರು ತೀರಿಕೊಂಡರು, ಜಮೀನು ಯಾರ ಪಾಲಾಯಿತು, ‘ಟಿಕೆಟ್ ಕಳಿಸು, ನಾನೂ ಬರ್ತೀನಿ’ ಅಂದವರು ಯಾರು ಅನ್ನೋದೆಲ್ಲ ಅದರಲ್ಲಿರುತ್ತದೆ. ಮೊದಲು ಬಂದವರು ದುಡಿದು, ಹಡಗಿನ ಟಿಕೆಟ್ ಖರೀದಿಸಿ ಊರಿಗೆ ಕಳಿಸುವುದು ಆಗ ಮಾಮೂಲು. ಇಪ್ಪತ್ತು ಕಾಗದ ಸಾಲಾಗಿ ಓದಿದರೆ ಆ ಮಾತುಕತೆ ಕೇಳಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹಂಚಿದರೆ ಯಾರ ಹತ್ತಿರವೂ ಏನೂ ಉಳಿಯಲ್ಲ.

ಅದಕ್ಕೇ ದಾರ ಬಿಚ್ಚುವ ಮೊದಲು ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ. ಯಾರೋ ಒಬ್ಬರು ಯೋಚನೆ ಮಾಡಿಯೇ ಅವನ್ನು ಒಟ್ಟಿಗೆ ಕಟ್ಟಿದ್ದಾರೆ. ತಾರೀಖಿನ ಪ್ರಕಾರ ಜೋಡಿಸೋಣ ಅಂತ ಎಲ್ಲ ಕಲಸಿಬಿಡಬೇಡಿ. ಒಂದು ಕಟ್ಟಿಗೆ ಒಂದು ಆಸಿಡ್ ಇಲ್ಲದ (ಅಂದರೆ ಕಾಗದವನ್ನು ಹಳದಿ ಮಾಡದ) ಫೋಲ್ಡರ್, ಅದರ ಮೇಲೆ ಪೆನ್ಸಿಲ್‌ನಲ್ಲಿ ನಂಬರ್, ಅಷ್ಟೇ.

ಇನ್ನು ಜಾಗ. ಅಲ್ಲಿಯ ಅಟ್ಟ ಬೇಸಿಗೆಯಲ್ಲಿ ಒಲೆ, ಚಳಿಗಾಲದಲ್ಲಿ ಫ್ರಿಜ್ಜು. ನೆಲಮಾಳಿಗೆಯಲ್ಲಿ ತೇವ. ಎರಡೂ ಬೇಡ. ಜನ ಓಡಾಡುವ ಮಹಡಿಯಲ್ಲಿ, ಹೊರಗೋಡೆಗೆ ತಾಗದ ಕಪಾಟು ಸಾಕು. ಮರವೂ ಆಸಿಡ್ ಬಿಡುತ್ತದೆ, ಹಾಗಾಗಿ ಕಾಗದಗಳನ್ನು ಆ ಚೆಂದದ ಪೆಟ್ಟಿಗೆಗೆ ವಾಪಸ್ ತುಂಬಬೇಡಿ. ಪಿನ್ನು, ಕ್ಲಿಪ್ಪು ತುಕ್ಕು ಹಿಡಿದಿದ್ದರೆ ನಿಧಾನಕ್ಕೆ ತೆಗೆಯಿರಿ. ಪತ್ರಿಕೆ ತುಂಡುಗಳು ಅಗ್ಗದ ಕಾಗದದವು. ಪಕ್ಕದಲ್ಲಿರುವುದನ್ನೂ ಕಂದು ಮಾಡುತ್ತವೆ. ಬೇರೆ ಇಡಿ, ಎಲ್ಲಿ ಇತ್ತು ಅಂತ ಬರೆದಿಡಿ. ‘ಡೆಕೋರಾ ಪೋಸ್ಟೆನ್’ 1874ರಿಂದ 1972ರವರೆಗೆ ನಡೆದ ಪತ್ರಿಕೆ, ಮೈಕ್ರೋಫಿಲ್ಮಿನಲ್ಲಿ (ಪುಟಗಳನ್ನು ಪುಟ್ಟದಾಗಿ ಫೋಟೋ ತೆಗೆದಿಟ್ಟ ಫಿಲ್ಮಿನಲ್ಲಿ) ಸಿಗುತ್ತದೆ. ಸುದ್ದಿ ಎಲ್ಲೂ ಹೋಗಲ್ಲ, ಆದರೆ ನಿಮ್ಮ ಮನೆಯವರು ಯಾವುದನ್ನು ಕತ್ತರಿಸಿಟ್ಟರು ಅನ್ನೋದು ನಿಮ್ಮಲ್ಲಿ ಮಾತ್ರ ಇದೆ.

ಇನ್ನೊಬ್ಬ ಸದಸ್ಯರು: ಫೋನಿನಲ್ಲಿ ಫೋಟೋ ತೆಗೆದರೆ ಆಗಲ್ವಾ? ಸ್ಕ್ಯಾನರ್ ಬೇಕೇ ಬೇಕಾ? ಗ್ಲವ್ಸ್ ಹಾಕಬೇಕಾ?

ಉತ್ತರ: ಕಾಗದಗಳಿಗೆ ಫೋನ್ ಧಾರಾಳ ಸಾಕು. ಕಿಟಕಿ ಬೆಳಕಲ್ಲಿ, ಫ್ಲ್ಯಾಷ್ ಇಲ್ಲದೆ, ನೇರ ಮೇಲಿಂದ ತೆಗೆಯಿರಿ. ಹಳೇ ಫೋಟೋಗಳಿಗೆ ಮಾತ್ರ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕಿ). ಲಕೋಟೆಯ ಎರಡೂ ಬದಿ ತೆಗೆಯಲೇಬೇಕು. ಒಳಗೆ ತಾರೀಖು ಇಲ್ಲದ ಕಾಗದಕ್ಕೆ ಎಷ್ಟೋ ಸಲ ಅಂಚೆ ಮುದ್ರೆಯೇ ಆಧಾರ. ಸ್ಟ್ಯಾಂಪ್ ಸಂಗ್ರಹಿಸೋ ಹುಡುಗರು ಮನೆಯಲ್ಲಿದ್ದರೆ ಕತ್ತರಿ ಬಚ್ಚಿಡಿ.

ಕಾಗದಕ್ಕೆ ಗ್ಲವ್ಸ್ ಬೇಡ, ತೊಳೆದು ಒರೆಸಿದ ಕೈ ಸಾಕು. ಗ್ಲವ್ಸ್ ಹಾಕಿದರೆ ಅಂಚು ಗೊತ್ತಾಗದೆ ಹರಿಯುತ್ತದೆ. ಫೋಟೋ, ನೆಗೆಟಿವ್ ಮುಟ್ಟುವಾಗ ಮಾತ್ರ ಹಾಕಿ. ನೆಗೆಟಿವ್ ಅಂಟಂಟಾಗಿ, ಘಾಟು ವಾಸನೆ ಬರುತ್ತಿದ್ದರೆ ಬೇರೆ ಇಟ್ಟು ತಿಳಿದವರಿಗೆ ತೋರಿಸಿ. 1950ರ ಆಸುಪಾಸಿನವರೆಗೂ ನೈಟ್ರೇಟ್ ಫಿಲ್ಮ್ ಬಳಕೆಯಲ್ಲಿತ್ತು. ಬೆಂಕಿ ಬೇಗ ಹಿಡಿಯುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಒಂದು ಸಮಸ್ಯೆ. ಗಂಡನ ಕಸಿನ್‌ಗೆ ಈಗಿನ ನಾರ್ವೇಜಿಯನ್ ಬರುತ್ತೆ, ಅವನೂ ಕೈಚೆಲ್ಲಿದ. ಇನ್ನೊಂದು, ಕೆಲವು ಕಾಗದಗಳಲ್ಲಿರುವ ಹೆಸರು ನಮ್ಮ ಮನೆತನದ್ದೇ ಅಲ್ಲ. ಅವನ್ನು ಬಿಸಾಡಬಹುದಾ?

ಉತ್ತರ: ಬಿಸಾಡಬೇಡಿ! ಅವರು ನಿಮ್ಮವರೇ ಇರಬಹುದು.

ಆಗ ನಾರ್ವೆಯ ಹಳ್ಳಿಗಳಲ್ಲಿ ನಾವು ಅಂದುಕೊಂಡಂಥ ಮನೆತನದ ಹೆಸರೇ ಇರಲಿಲ್ಲ. ಹಾನ್ಸ್‌ನ ಮಗ ಊಲೆ ಬಾಕೆನ್ ಅನ್ನೋ ಜಮೀನಿನಲ್ಲಿದ್ದರೆ ಊಲೆ ಹಾನ್ಸೆನ್ ಬಾಕೆನ್. ಬೇರೆ ಜಮೀನಿಗೆ ಹೋದರೆ ಕೊನೆಯ ಹೆಸರೂ ಬದಲು. ಖಾಯಂ ಮನೆತನದ ಹೆಸರು ಕಡ್ಡಾಯ ಆಗಿದ್ದು 1923ರ ಕಾನೂನಿಂದ. ಅಮೆರಿಕಕ್ಕೆ ಬಂದವರಲ್ಲಿ ಅಣ್ಣ ಅಪ್ಪನ ಹೆಸರು ಹಿಡಿದ, ತಮ್ಮ ಜಮೀನಿನ ಹೆಸರು ಹಿಡಿದ ಅನ್ನೋದು ಮಾಮೂಲು. ಆ ಜಮೀನಿನ ಹೆಸರೇ ನಿಮಗೆ ವಿಳಾಸ. ಹೆಸರು, ಚರ್ಚಿನ ಊರು ಸಿಕ್ಕರೆ ನಾರ್ವೆಯ ‘ಡಿಜಿಟಲ್‌ಆರ್ಕಿವೆಟ್’ ತಾಣದಲ್ಲಿ ಹುಡುಕಿ. ಚರ್ಚಿನ ದಾಖಲೆಗಳು, 1865, 1875, 1900, 1910ರ ಜನಗಣತಿ ಎಲ್ಲ ಉಚಿತ.

ಓದೋಕೆ ಬರದಿರುವುದಕ್ಕೆ ಎರಡು ಕಾರಣ. ಒಂದು, ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಅನೇಕರು ಬರೆದಿದ್ದು ಗಾಥಿಕ್ ಕೈಬರಹದಲ್ಲಿ, ಅಂದರೆ ಈಗಿನ ಅಕ್ಷರಗಳಿಗೆ ಹೋಲದ ಹಳೇ ಶೈಲಿಯಲ್ಲಿ. ಇನ್ನೊಂದು, ಆಗಿನ ಕಾಗುಣಿತ ಡ್ಯಾನಿಶ್ ಥರ. ಕಸಿನ್ ಮೇಲೆ ಬೇಜಾರು ಬೇಡ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಾರ್ವೇಜಿಯನ್ ಅಮೆರಿಕನ್ ವಂಶಾವಳಿ ಕೇಂದ್ರ ಇದೆ, ಮೊದಲು ಅಲ್ಲಿ ಕೇಳಿ. ಎಲ್ಲ ಅನುವಾದ ಮಾಡಿಸಿ ದುಡ್ಡು ಸುರಿಯಬೇಡಿ. ಮೊದಲು ಪ್ರತಿ ಕಾಗದದ ತಲೆಯಲ್ಲಿರುವ ಊರು, ತಾರೀಖು, ಕೊನೆಯ ಸಹಿ, ಇಷ್ಟು ಓದಿಸಿ ಪಟ್ಟಿ ಮಾಡಿ.

ಮತ್ತೊಬ್ಬ ಸದಸ್ಯರು: ಅಲ್ಲ, ಮೂರೇ ತಲೆಮಾರಿಗೆ ಭಾಷೆ ಪೂರ್ತಿ ಹೋಗಿಬಿಡ್ತಾ?

ಉತ್ತರ: ತಾನಾಗಿ ಹೋಗಿದ್ದು ಒಂದಿಷ್ಟು, ಹೆದರಿಸಿ ಬಿಡಿಸಿದ್ದು ಒಂದಿಷ್ಟು. ಮೊದಲ ಮಹಾಯುದ್ಧದ ಹೊತ್ತಿಗೆ, 1918ರ ಮೇನಲ್ಲಿ, ಪಕ್ಕದ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ, ಸಾರ್ವಜನಿಕ ಜಾಗದಲ್ಲಿ, ರೈಲಿನಲ್ಲಿ, ಫೋನಿನಲ್ಲಿ ಇಂಗ್ಲಿಷ್ ಮಾತ್ರ. ಗುರಿ ಇದ್ದದ್ದು ಜರ್ಮನ್ ಮೇಲೆ, ಏಟು ಬಿದ್ದದ್ದು ನಾರ್ವೇಜಿಯನ್‌ಗೂ. ಮುಂದೆ ಚರ್ಚುಗಳೂ ಒಂದೊಂದಾಗಿ ಇಂಗ್ಲಿಷಿಗೆ ಬದಲಾದವು. ಅಮೆರಿಕದಲ್ಲೇ ಮಕ್ಕಳನ್ನು ಬೆಳೆಸುತ್ತಿರುವ ನಮ್ಮ ಕನ್ನಡದವರು ಇದನ್ನು ಓದಿ ಸುಮ್ನೆ ಒಂದು ನಿಮಿಷ ಯೋಚಿಸಬಹುದು. ನಮಗೆ ಯಾವ ಗವರ್ನರೂ ಅಡ್ಡ ಬಂದಿಲ್ಲ.

ಪ್ರಶ್ನೆ ಕೇಳಿದವರು: ಲೆಕ್ಕದ ಪುಸ್ತಕದಲ್ಲಿ ಬರೀ ಹಾಲು, ಗೋಧಿ, ಆಲಿಕಲ್ಲು ಮಳೆ, ಚರ್ಚಿಗೆ ಕೊಟ್ಟ ಸೆಂಟುಗಳು. ಇದನ್ನು ಯಾವ ಆರ್ಕೈವ್ ತಗೊಳ್ಳುತ್ತೆ ಹೇಳಿ? ಇವರಲ್ಲಿ ದೊಡ್ಡ ಮನುಷ್ಯರು ಯಾರೂ ಇರಲಿಲ್ಲ.

ಉತ್ತರ: ನಾನಾಗಿದ್ದರೆ ಮೊದಲು ಎತ್ತಿಕೊಳ್ಳುತ್ತಿದ್ದದ್ದು ಅದನ್ನೇ. ಕಾಗದದಲ್ಲಿ ಜನ ‘ನಾವು ಕ್ಷೇಮ’ ಅಂತ ಬರೆಯುತ್ತಾರೆ. ಆಲಿಕಲ್ಲು ಬಿದ್ದ ವರ್ಷ ಸಾಲ ಎಷ್ಟಾಯಿತು ಅನ್ನೋದು ಲೆಕ್ಕದ ಪುಸ್ತಕದಲ್ಲಿ ಇರುತ್ತದೆ.

ಇಂಥದ್ದನ್ನು ಉಳಿಸೋಕೆಂದೇ ಹುಟ್ಟಿದ ಸಂಸ್ಥೆ ನಿಮ್ಮ ರಾಜ್ಯದಲ್ಲೇ ಇದೆ. 1825ರ ಜುಲೈ 4ರಂದು ‘ರೆಸ್ಟಾರೇಷನ್’ ಅನ್ನೋ ಪುಟ್ಟ ಹಡಗು ಸ್ಟಾವಾಂಗರ್‌ನಿಂದ 52 ಜನರನ್ನು ಹೊತ್ತು ಹೊರಟಿತು. ನಾರ್ವೆಯಿಂದ ಅಮೆರಿಕಕ್ಕೆ ಗುಂಪಾಗಿ ವಲಸೆ ಹೊರಟವರಲ್ಲಿ ಇವರೇ ಮೊದಲಿಗರು. ದಾರಿಯಲ್ಲೊಂದು ಮಗು ಹುಟ್ಟಿ, ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ತಲುಪಿದವರು 53. ಅದರ ನೂರನೇ ವರ್ಷದಲ್ಲಿ, 1925ರಲ್ಲಿ, ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್-ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಶುರುವಾಯಿತು. ಅಲ್ಲೇ ಪಾಠ ಮಾಡುತ್ತಿದ್ದ ಕಾದಂಬರಿಕಾರ ಊಲೆ ರೋಲ್ವಾಗ್ ಮೊದಲ ಕಾರ್ಯದರ್ಶಿ. ಕಾಗದಪತ್ರಕ್ಕೆ ಅಲ್ಲಿ ವಿಚಾರಿಸಿ. ಹೂಬಳ್ಳಿಯ ಪೆಟ್ಟಿಗೆಗೆ ಅಯೋವಾದ ಡೆಕೋರಾದಲ್ಲಿರುವ ವೆಸ್ಟರ್‌ಹೈಮ್ ಮ್ಯೂಸಿಯಂ. ಅಂಥ ಪೆಟ್ಟಿಗೆ ಅವರಲ್ಲಿ ಬೇಕಾದಷ್ಟಿವೆ, ಬೇಡ ಅಂದರೂ ಅನ್ನಬಹುದು. ಆಗ ಮನೆಯಲ್ಲೇ ಇಟ್ಟುಕೊಳ್ಳಿ. ಬೈಬಲ್ಲೂ ಅಷ್ಟೇ. ಒಳಪುಟದಲ್ಲಿ ಹುಟ್ಟು-ಸಾವು ಬರೆದಿದ್ದರೆ ಆ ಪುಟದ ಫೋಟೋ ಕಳಿಸಿ ಕೇಳಿ.

ಕೊಡುವಾಗ ದಾನಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದಿಯೇ ಹಾಕಿ. ಬೇಡದ್ದನ್ನು ವಾಪಸ್ ಕೊಡುತ್ತಾರಾ, ಯಾರು ಯಾವಾಗ ನೋಡಬಹುದು, ಇವೆರಡನ್ನು ಕೇಳಿ. ಕಾಗದ ನಿಮ್ಮದಾದರೂ ಅದರ ಹಕ್ಕುಸ್ವಾಮ್ಯ ಬರೆದವರದ್ದು; ಅಮೆರಿಕದಲ್ಲಿ ಅಚ್ಚಾಗದ ಬರಹಕ್ಕೆ ಬರೆದವರು ತೀರಿಕೊಂಡ ಮೇಲೆ 70 ವರ್ಷ. ಇಷ್ಟು ಹಳೆಯದಕ್ಕೆ ಬಹುಶಃ ತೊಂದರೆ ಇಲ್ಲ.

ಇದೆಲ್ಲಕ್ಕೂ ಮುಂಚೆ ಒಂದು ಕೆಲಸ. ಅತ್ತೆಯನ್ನು ಕೂರಿಸಿಕೊಂಡು, ಫೋನ್ ರೆಕಾರ್ಡಿಂಗ್ ಆನ್ ಮಾಡಿ, ಒಂದೊಂದೇ ಫೋಟೋ ಕೈಗೆ ಕೊಡಿ. ಇವರು ಯಾರು, ಯಾರ ಮದುವೆ, ಹಿಂದೆ ಕಾಣುವ ಕೊಟ್ಟಿಗೆ ಯಾರದ್ದು ಅಂತ ಕೇಳಿ. ಫೋಟೋ ಹಿಂದೆ ಅಂಚಿನಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ನಂಬರ್ ಹಾಕಿ, ಬಾಲ್ ಪೆನ್ ಬೇಡ. ಆಸಿಡ್ ಇಲ್ಲದ ಪೆಟ್ಟಿಗೆ ಮುಂದಿನ ತಿಂಗಳೂ ಸಿಗುತ್ತದೆ. ಮನೆ ಖಾಲಿ ಮಾಡೋ ಗಡಿಬಿಡಿಯಲ್ಲಿ ಈ ಕೆಲಸ ಮುಂದಕ್ಕೆ ಹಾಕಬೇಡಿ. ಒಂದು ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಕೂರಿಸಬೇಡಿ, ಅವರಿಗೆ ಸುಸ್ತಾಗುತ್ತೆ.