ಅಪ್‌ಡೇಟ್: ಬಿ.ಎಸ್ಸಿ. ಬಯೋಟೆಕ್ನಾಲಜಿಗೇ ಸೇರಿದೆ

ಪಿಯುಸಿಯಲ್ಲಿ ಪಿಸಿಎಂಬಿ ಓದಿದ ನಾನು ಬಯೋಟೆಕ್ನಾಲಜಿಯಲ್ಲಿ ಬಿ.ಇ. ಮಾಡಬೇಕೇ ಅಥವಾ ಬಿ.ಎಸ್ಸಿ. ಮಾಡಬೇಕೇ ಎಂದು ಇಲ್ಲಿ ಕೇಳಿದ್ದೆ. ಎರಡೂ ಕೋರ್ಸ್‌ಗಳ ಪಠ್ಯಕ್ರಮವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ ಎಂದು ಹಲವರು ಹೇಳಿದ್ದು ಬಹಳ ಉಪಕಾರವಾಯಿತು. ಬಿ.ಇ.ಯಲ್ಲಿ ಗಣಿತ, ಬಯೋರಿಯಾಕ್ಟರ್ (ಜೀವಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ತೊಟ್ಟಿ) ವಿನ್ಯಾಸ ಮತ್ತು ಉತ್ಪನ್ನ ಶುದ್ಧೀಕರಣಕ್ಕೆ ಒತ್ತು ಹೆಚ್ಚು. ನನಗೆ ಬೇಕಾಗಿದ್ದುದು ಜೀವಕೋಶದೊಳಗಿನ ವಿಜ್ಞಾನವಾದ್ದರಿಂದ ಬಿ.ಎಸ್ಸಿ. ಆರಿಸಿಕೊಂಡೆ.

ಈಗ ಎರಡನೇ ವರ್ಷದಲ್ಲಿದ್ದೇನೆ. ಬಾಳೆಯ ಅಂಗಾಂಶ ಕೃಷಿಯ (ಗಿಡದ ಸಣ್ಣ ತುಂಡಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ ವಿಧಾನ) ಪ್ರಯೋಗದಲ್ಲಿ ಪೋಷಕಾಂಶಗಳ ಮಾಧ್ಯಮವನ್ನು ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಇಟ್ಟು, ಶೋಧಿಸಿದ ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಹುಡ್‌ನೊಳಗೆ ಚಿಮುಟವನ್ನು ಜ್ವಾಲೆಗೆ ಹಿಡಿದು ಆರಿಸಿ, ಕಂದಿನ ಕುಡಿಯನ್ನು ಬಾಟಲಿಗೆ ಇಳಿಸುವಾಗ ಕ್ಷಣ ಅಜಾಗರೂಕರಾದರೂ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಈ ಶಿಸ್ತನ್ನು ಪುಸ್ತಕ ಓದಿ ಕಲಿಯಲಾಗದು. ಆದ್ದರಿಂದ ಸೇರುವವರು ಕಾಲೇಜಿನ ಹೆಸರಿಗಿಂತ ಮೊದಲು ಪ್ರಯೋಗಾಲಯವನ್ನು ನೋಡಬೇಕು, ಡಿಎನ್ಎಯ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರವನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ಅಲ್ಲಿ ಓದುತ್ತಿರುವವರನ್ನೇ ವಿಚಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲಸದ ಬಗ್ಗೆ ಕೇಳಿದವರಿಗೆ: ಬೆಂಗಳೂರಿನಲ್ಲಿ ಜೈವಿಕ ಔಷಧಗಳನ್ನು ತಯಾರಿಸುವ ಬಯೋಕಾನ್‌ನಂತಹ ಕಂಪನಿಗಳಿದ್ದರೂ ಸಂಶೋಧನಾ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಹಾಗಾಗಿ ಐಐಟಿಗಳ ಎಂ.ಎಸ್ಸಿ.ಗಾಗಿ ಜಾಮ್ ಪ್ರವೇಶ ಪರೀಕ್ಷೆಗೂ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಕೋರ್ಸ್‌ಗಳಿಗಾಗಿ ಗ್ಯಾಟ್-ಬಿ ಪ್ರವೇಶ ಪರೀಕ್ಷೆಗೂ ಈಗಿನಿಂದಲೇ ಓದುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.